ಆಲೂರು ವೆಂಕಟರಾಯರು ಕೇಳಿ ಪಡೆದ ಬಗೆ



ಜುಲೈ 12 ಆಲೂರು ವೆಂಕಟರಾಯರ ಜನ್ಮದಿನ. ಹೊಸೂರು, ತಳಿ, ಅಂಚೆಟ್ಟಿ ಎಲ್ಲೇ ರಾಜ್ಯೋತ್ಸವ ಮಾಡಿದರೂ ಅವರನ್ನು ಕನ್ನಡ ಕುಲಪುರೋಹಿತರೆಂದು ನೆನೆದು, ಅವರ ಪಟಕ್ಕೆ ಹಾರ ಹಾಕುತ್ತೇವೆ. ನಾಯಕರ ಬಳಿ ಅವರು ಕೆಲಸ ಮಾಡಿಸಿಕೊಂಡ ಬಗೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು ಮನವಿ ಕೊಟ್ಟು, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಬರುವ ನಮಗೆ ಬೇಕಾದದ್ದು ಅದೇ.

ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ವಿಜಯಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು, ಧಾರವಾಡದಲ್ಲಿ ವಕೀಲರಾದರು. ಆಗ ಕನ್ನಡಿಗರು ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ನಿಜಾಮರ ಹೈದರಾಬಾದು, ಮೈಸೂರು, ಕೊಡಗು, ಇನ್ನೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಚದುರಿಹೋಗಿದ್ದರು. ಮೈಸೂರಿನಂಥ ಕಡೆ ಬಿಟ್ಟರೆ ಎಲ್ಲಿ ನೋಡಿದರೂ ಬೇರೆ ಭಾಷೆಯವರ ನಡುವೆ ಅಲ್ಪಸಂಖ್ಯಾತರು. ನಮ್ಮ ಅಂಚೆಟ್ಟಿ ಸೀಮೆ ಸೇಲಂ ಜಿಲ್ಲೆಯ ಹೊಸೂರು ತಾಲ್ಲೂಕಿಗೆ ಸೇರಿತ್ತು. ಅಂದಿನ ಧಾರವಾಡದವರ ಕಷ್ಟ ಗಡಿಯ ನಮಗೆ ಬೇಗ ಅರ್ಥವಾಗುತ್ತದೆ.

ಅವರು ಮೊದಲಿಗೇ ರಾಜ್ಯ ಕೊಡಿ ಎಂದು ಯಾರ ಬಾಗಿಲಿಗೂ ಹೋಗಲಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆ ನಡೆಸಿದರು, ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನ ಕೂಡಿಸಿದರು, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಲು ದುಡಿದವರಲ್ಲಿ ಒಬ್ಬರಾದರು. 1917ರಲ್ಲಿ ಬಂದ ‘ಕರ್ನಾಟಕ ಗತವೈಭವ’ ಓದಿದವರಿಗೆ ತಾವೂ ಒಂದು ನಾಡಿನವರು ಎನ್ನಿಸಿತು. ಕೇಳುವ ಜನವೇ ಇಲ್ಲದಿದ್ದರೆ ನಾಯಕರು ಯಾರಿಗಾಗಿ ಕಿವಿಗೊಡಬೇಕು?

1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆ ಶುರುವಾಯಿತು. ಮರುವರ್ಷ ಕಾಂಗ್ರೆಸ್ಸು ಆಂಧ್ರಕ್ಕೆ ಪ್ರತ್ಯೇಕ ಪ್ರಾಂತ ಸಮಿತಿಯನ್ನು ಒಪ್ಪಿತು, ಕನ್ನಡಿಗರಿಗೆ ಸಿಗಲಿಲ್ಲ. ಇಲ್ಲಿ ವೆಂಕಟರಾಯರ ಬಳಗದ ಚಾಣಾಕ್ಷತನ ನೋಡಿ. ಕಾಂಗ್ರೆಸ್ಸಿನ ಕೈಯಲ್ಲಿ ಆಗ ಸರ್ಕಾರ ಇರಲಿಲ್ಲ, ರಾಜ್ಯ ಕೊಡುವ ಶಕ್ತಿಯೂ ಇರಲಿಲ್ಲ. ಆದರೆ ತನ್ನದೇ ಸಮಿತಿಗಳನ್ನು ಭಾಷೆಯ ಪ್ರಕಾರ ವಿಂಗಡಿಸಿಕೊಳ್ಳಲು ಅದು ಬ್ರಿಟಿಷರನ್ನು ಕೇಳಬೇಕಾಗಿರಲಿಲ್ಲ. ಹಾಗಾಗಿ ಇವರು ಅದನ್ನೇ ಕೇಳಿದರು. ಎದುರಿಗಿರುವವರು ತಮ್ಮ ಕೈಯಾರೆ ಕೊಡಬಹುದಾದದ್ದನ್ನು ಕೇಳಿದರೆ ಅವರಿಗೆ ನೆಪ ಹೇಳುವುದು ಕಷ್ಟ.

1920ರಲ್ಲಿ ಧಾರವಾಡದಲ್ಲಿ ರಾಜಕೀಯ ಪರಿಷತ್ತು ಸೇರಿತು. ಅಧ್ಯಕ್ಷತೆಗೆ ಕರೆದದ್ದು ಮೈಸೂರಿನ ಮಾಜಿ ದಿವಾನರಾದ ವಿ.ಪಿ. ಮಾಧವರಾಯರನ್ನು, ಹೊರಗಿನವರೂ ತೂಕವಿಟ್ಟು ನೋಡುವ ಹೆಸರು ಅದು. ಏಕೀಕರಣದ ಠರಾವು ಆಯಿತು. ಠರಾವನ್ನು ಅಂಚೆಗೆ ಹಾಕಿ ಸುಮ್ಮನೆ ಕೂರಲಿಲ್ಲ. ಅದೇ ಡಿಸೆಂಬರಿನ ನಾಗಪುರ ಅಧಿವೇಶನಕ್ಕೆ ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಹೋದರು. ಅಷ್ಟು ಜನ ಬಂದು ಕೂತರೆ ಯಾವ ಪಕ್ಷ ತಾನೇ ಕಡೆಗಣಿಸೀತು? ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳನ್ನು ಒಪ್ಪಿತು, ಕರ್ನಾಟಕಕ್ಕೆ ತನ್ನದೇ ಸಮಿತಿ ಬಂತು.

ಇನ್ನೊಂದು ಮಾತು. ವೆಂಕಟರಾಯರು ಲೋಕಮಾನ್ಯ ತಿಲಕರ ಅಭಿಮಾನಿ, ಅವರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು. ಮರಾಠಿ ನಾಯಕರ ಸ್ನೇಹ ಉಳಿಸಿಕೊಂಡೇ ಕನ್ನಡದ ಪಾಲು ಕೇಳಿದರು. ತಮಿಳು ನೆರೆಹೊರೆಯವರ ಜೊತೆ ಬಾಳುವ ನಾವು ಇದನ್ನು ಗಮನಿಸಬೇಕು. ನಮ್ಮ ಮಕ್ಕಳು ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ, ಜೊತೆಗೆ ಕನ್ನಡವೂ ಇರಲಿ ಎನ್ನುತ್ತೇವೆ.

1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದ ಜಾಗದಲ್ಲೇ ಏಕೀಕರಣ ಪರಿಷತ್ತೂ ನಡೆಯಿತು. 1928ರ ನೆಹರೂ ವರದಿ ಬೇಡಿಕೆಯನ್ನು ಬೆಂಬಲಿಸಿತು. 1948ರಲ್ಲಿ ಧರ್ ಆಯೋಗ ಬೇಡವೆಂದಿತು. ರಾಜ್ಯ ಬಂದದ್ದು 1956ರ ನವೆಂಬರ್ 1ರಂದು, ನಾಗಪುರದಿಂದ 36 ವರ್ಷದ ಮೇಲೆ. ಆ ದಿನ 76ರ ವೃದ್ಧರು ಹಂಪಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. 1964ರ ಫೆಬ್ರವರಿ 25ರಂದು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ಅವರು ಕಾಣಲಿಲ್ಲ.

1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ಹೊಸೂರು, ತಾಳವಾಡಿ ಮದ್ರಾಸಿನಲ್ಲೇ ಉಳಿದವು, ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಸಂವಿಧಾನದ ಏಳನೆಯ ತಿದ್ದುಪಡಿ ನಮ್ಮಂಥವರಿಗಾಗಿ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆನ್ನುವುದು ಮೊದಲನೆಯದು. ಭಾಷಾ ಅಲ್ಪಸಂಖ್ಯಾತರ ಹಿತ ನೋಡಲು ವಿಶೇಷಾಧಿಕಾರಿಯನ್ನು ರಾಷ್ಟ್ರಪತಿಗಳು ನೇಮಿಸಬೇಕೆನ್ನುವುದು ಎರಡನೆಯದು. ಶಾಸಕರಿಗೆ ಕೊಡುವ ಮನವಿಯ ಪ್ರತಿಯನ್ನು ಆ ಅಧಿಕಾರಿಗೂ ಕಳಿಸಬಹುದು.

ಅಂಚೆಟ್ಟಿ ಸೀಮೆ ತಳಿ ವಿಧಾನಸಭಾ ಕ್ಷೇತ್ರದಲ್ಲಿದೆ. ಮುಂದಿನ ಮನವಿಯಲ್ಲಿ ಕನ್ನಡ ಉಳಿಸಿ ಎಂದಷ್ಟೇ ಬರೆಯದೆ, ಯಾವ ಊರಿನ ಯಾವ ಶಾಲೆ, ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ ಎಂದು ಬರೆಯೋಣ. ಸದಸ್ಯರು ತಮ್ಮ ಊರಿನ ವಿವರವನ್ನು ಶಾಲೆಯಲ್ಲಿ ವಿಚಾರಿಸಿ, ಪೋಷಕರ ಸಹಿಯೊಂದಿಗೆ ಸಂಘಕ್ಕೆ ತಲುಪಿಸಬೇಕೆಂದು ಕೋರುತ್ತೇವೆ. ಮನವಿ ಕೊಡುವ ದಿನ ಪದಾಧಿಕಾರಿಗಳಷ್ಟೇ ಅಲ್ಲ, ಆ ಪೋಷಕರೂ ನಮ್ಮೊಡನೆ ಬರಲಿ.