ಹುಳುಮನೆಯಿಂದ ಮಕ್ಕಳ ಆಸ್ಪತ್ರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬಿತ್ತನೆ ಕೋಠಿ ಹೊಸದಲ್ಲ. ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣು ಚಿಟ್ಟೆಯನ್ನು ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತವರನ್ನು ನಾನು ಚಿಕ್ಕಂದಿನಲ್ಲಿ ತಂದೆಯೊಡನೆ ಹೋದಾಗ ಬೆರಗಿನಿಂದ ನೋಡಿದ್ದೆ. ತಾಯಿಯಲ್ಲಿ ಗಂಟುರೋಗದ ಕಣ ಕಂಡಿತೋ, ಅದರ ಮೊಟ್ಟೆಗಳು ಬೆಂಕಿಯ ಪಾಲು. ಮುಂದೆ ಬೆಂಗಳೂರಿನ ಮಕ್ಕಳ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಾನೂ ಹಾಗೆಯೇ ಕಣ್ಣಿಟ್ಟು ಕೂರುವ ಕೆಲಸಕ್ಕೆ ಸೇರಿದೆ. ವಾರ್ಡಿನಲ್ಲಿ ಮಲಗಿದ ಮಗುವಿನ ಮುಖ ನಮಗೆ ಕಾಣುವುದಿಲ್ಲ. ಅದರ ರಕ್ತ, ಗಂಟಲಿನ ಲೇಪ, ಬೆನ್ನುಹುರಿಯ ನೀರು, ಇಷ್ಟೇ ನಮ್ಮ ಮೇಜಿಗೆ ಬರುತ್ತದೆ. ಆ ಕೋಠಿಗೂ ಈ ಮೇಜಿಗೂ ಹಿರಿಯನು ಒಬ್ಬನೇ ಎಂದು ಅರಿತ ಮೇಲೆ, ಶಾಲೆಯಲ್ಲಿ ಓದಿ ಮರೆತಿದ್ದ ಅವನ ಚರಿತ್ರೆಯನ್ನು ಮತ್ತೆ ಓದಿದೆ.

ಲೂಯಿ ಪಾಶ್ಚರನು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ ತೊಗಲು ಹದಮಾಡುವವನ ಮಗನಾಗಿ ಹುಟ್ಟಿದನು. ಕಲಿತದ್ದು ರಸಾಯನಶಾಸ್ತ್ರ, ವೈದ್ಯ ಪದವಿ ಅವನಿಗೆ ಎಂದೂ ಇರಲಿಲ್ಲ. ಹರಳುಗಳ ಮೇಲೆ, ಹುದುಗಿನ ಮೇಲೆ, ದ್ರಾಕ್ಷಾರಸ ಹುಳಿಯಾಗುವ ಬಗೆಯ ಮೇಲೆ ಅವನು ಮಾಡಿದ ಕೆಲಸವನ್ನು ಎಲ್ಲರೂ ಬಲ್ಲರು.

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆ ರೋಗದಿಂದ ನಾಶವಾಗುತ್ತಿತ್ತು. ಗುರುವಾದ ಡ್ಯೂಮಾನ ಒತ್ತಾಯಕ್ಕೆ ಪಾಶ್ಚರನು ಅಲೇಸ್ ಪಟ್ಟಣಕ್ಕೆ ಹೊರಟನು. ಅದುವರೆಗೆ ಅವನು ರೇಷ್ಮೆಹುಳುವನ್ನು ಮುಟ್ಟಿಯೂ ಇರಲಿಲ್ಲ. ಕೀಟಶಾಸ್ತ್ರಿ ಫಾಬರನ ಮನೆಯಲ್ಲಿ ಗೂಡೊಂದನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟನಂತೆ. ನಮ್ಮ ಸೀಮೆಯ ಐದು ವರ್ಷದ ಕೂಸೂ ಇದನ್ನು ಕೇಳಿದರೆ ನಕ್ಕೀತು.

ಅದೇ ಜೂನಿನಲ್ಲಿ ತಂದೆ ತೀರಿಕೊಂಡನು. ಸೆಪ್ಟೆಂಬರಿನಲ್ಲಿ ಎರಡು ವರ್ಷದ ಮಗಳು ಕಮೀಲ್ ಹೋದಳು. ಮರುವರ್ಷದ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸೀಲ್ ವಿಷಮಶೀತಜ್ವರಕ್ಕೆ ತುತ್ತಾದಳು. ಹಿರಿಯ ಮಗಳು ಝಾನ್ 1859ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಅದೇ ಜ್ವರದಿಂದ ಸತ್ತಿದ್ದಳು. ಐವರು ಮಕ್ಕಳಲ್ಲಿ ಮೂವರನ್ನು ಮಣ್ಣಿಗಿಟ್ಟ ಆ ತಂದೆ ಪ್ರತಿ ಸಲವೂ ಹುಳುಮನೆಗೆ ಮರಳಿದನು. ಅವನ ಎದೆಗಟ್ಟಿತನವೆಂದು ಇದನ್ನು ಹೊಗಳುವವರುಂಟು. ನನಗೆ ಮಾತ್ರ, ಅವನಿಗೆ ಬೇರೆಲ್ಲೂ ನಿಲ್ಲಲಾಗಲಿಲ್ಲವೆಂದು ತೋರುತ್ತದೆ.

ಕೆಲಸವೂ ನೇರವಾಗಿ ಸಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಕಣಗಳು ರೋಗದ ಕಾರಣವಲ್ಲ, ಅದರ ಫಲವೆಂದು ಅವನು ಬಹುಕಾಲ ತಪ್ಪಾಗಿ ನಂಬಿದ್ದನು. ಗಂಟುರೋಗದ ಜೊತೆಗೆ ಸಪ್ಪೆರೋಗವೂ ಬೆರೆತಿದ್ದುದು ತೊಡಕನ್ನು ಹೆಚ್ಚಿಸಿತು. ತಪ್ಪನ್ನು ತಿದ್ದಿಕೊಂಡ ಮೇಲೆ ಉಪಾಯ ಸರಳವಾಯಿತು: ಪ್ರತಿ ಚಿಟ್ಟೆಯನ್ನೂ ಬೇರೆಬೇರೆಯಾಗಿ ಮೊಟ್ಟೆಯಿಡಿಸಿ, ಬಳಿಕ ತಾಯಿಯನ್ನು ಅರೆದು ಪರೀಕ್ಷಿಸುವುದು. ಹೆಂಡತಿ ಮರೀ, ಉಳಿದ ಮಗಳು ಮರೀ ಲೂಯಿಸ್ ಇಬ್ಬರೂ ಹುಳು ಸಾಕಿ ನೆರವಾದರು. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಭಾಗ ಸ್ವಾಧೀನ ತಪ್ಪಿತು. ಆಗ ವಯಸ್ಸು ನಲವತ್ತೈದು. ಮುಂದಿನ ಬೆಳೆಯ ಕಾಲಕ್ಕೆ ಮತ್ತೆ ಹುಳುಗಳ ಮುಂದೆ ಇದ್ದನು.

1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನನ್ನು ತಾಯಿ ಕರೆತಂದಳು. ಪಾಶ್ಚರನು ವೈದ್ಯನಲ್ಲವಾದ್ದರಿಂದ ಸೂಜಿ ಹಿಡಿದವನು ಮಕ್ಕಳ ವೈದ್ಯ ಗ್ರಾಂಶೆ. ಹದಿಮೂರು ಚುಚ್ಚುಮದ್ದುಗಳ ಮೇಲೆ ಹುಡುಗ ಉಳಿದನು. ಇಷ್ಟನ್ನು ಪಠ್ಯಪುಸ್ತಕ ಹೇಳುತ್ತದೆ. ಅದೇ ಚಳಿಗಾಲದಲ್ಲಿ, ಕಚ್ಚಿ ಮೂವತ್ತೇಳು ದಿನವಾದ ಮೇಲೆ ಬಂದ ಲೂಯಿಸ್ ಪೆಲೆತಿಯೆ ಎಂಬ ಹತ್ತು ವರ್ಷದ ಹುಡುಗಿಯನ್ನು, ಕಾಲ ಮೀರಿದೆಯೆಂದು ತಿಳಿದೂ ಸೇರಿಸಿಕೊಂಡನು, ಅವಳು ಉಳಿಯಲಿಲ್ಲ. ಮೈಸ್ಟರನಿಗೆ ಕೊಟ್ಟ ಕ್ರಮವನ್ನು ನಾಯಿಗಳ ಮೇಲೆ ಸಾಕಷ್ಟು ಪರೀಕ್ಷಿಸಿರಲಿಲ್ಲವೆಂದು ಅವನ ಟಿಪ್ಪಣಿ ಪುಸ್ತಕಗಳನ್ನು ಓದಿ 1995ರಲ್ಲಿ ಇತಿಹಾಸಕಾರ ಗೀಸನ್ ತೋರಿಸಿದನು. ಇದನ್ನು ಮುಚ್ಚಿಡುವುದು ಸಲ್ಲದು. ಅವನ ಹೆಸರಿನ ಸಂಸ್ಥೆಯೊಂದು 1907ರಲ್ಲಿ ಕೂನೂರಿನಲ್ಲಿಯೂ ನಿಂತಿತು.

ನನ್ನ ಮೇಜಿಗೆ ತೀರ ಹತ್ತಿರವಾದುದು ಅವನ ಕಡೆಯ ವರ್ಷಗಳ ಕಥೆ. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆ ತೆರೆಯಿತು. ಅದೇ ವರ್ಷ ಶಿಷ್ಯ ಎಮಿಲ್ ರೂ, ಯೆರ್ಸಿನನೊಡನೆ ಗಂಟಲಮಾರಿಯ ವಿಷವನ್ನು ಬೇರ್ಪಡಿಸಿದನು. ಅದಕ್ಕೆ ಪ್ರತಿವಿಷವನ್ನು 1890ರಲ್ಲಿ ಬರ್ಲಿನಿನಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ ಕಂಡರು. ರೂ ಅದನ್ನು ಕುದುರೆಗಳ ರಕ್ತದಿಂದ ಸಿದ್ಧಪಡಿಸಿ, 1894ರ ಫೆಬ್ರವರಿಯಿಂದ ಜುಲೈವರೆಗೆ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಬಳಸಿದನು. ಅಲ್ಲಿಗೆ ಬಂದ 448 ಮಕ್ಕಳಲ್ಲಿ 109 ಮಕ್ಕಳು ಸತ್ತರು. ಹಿಂದಿನ ವರ್ಷಗಳಲ್ಲಿ ಅದೇ ವಾರ್ಡಿನಲ್ಲಿ ನೂರಕ್ಕೆ ಐವತ್ತಕ್ಕೂ ಹೆಚ್ಚು ಮಕ್ಕಳು ಸಾಯುತ್ತಿದ್ದರು. ಸೀರಮ್ ಇಲ್ಲದ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಅವಧಿಯಲ್ಲಿ 520ರಲ್ಲಿ 316 ಮಕ್ಕಳು ಹೋದರು. ಬಂದ ಮಕ್ಕಳಲ್ಲಿ ಯಾರದು ನಿಜವಾದ ಗಂಟಲಮಾರಿ, ಯಾರದು ಬರಿಯ ಗಂಟಲುನೋವು ಎಂಬುದನ್ನು ಲೇಪವನ್ನು ಬೆಳೆಸಿ ನೋಡಿಯೇ ತೀರ್ಮಾನಿಸಿದರು. ಇಂದಿಗೂ ಅಂಥ ಗುಮಾನಿಯ ಲೇಪ ನಮ್ಮಲ್ಲಿಗೆ ಬಂದಾಗ ಬೇರೆಲ್ಲ ಕೆಲಸವನ್ನು ಬದಿಗಿಡುತ್ತೇವೆ.

1895ರ ಜೂನಿನಲ್ಲಿ ನಡೆಯಲಾರದ ಪಾಶ್ಚರನನ್ನು ಪ್ಯಾರಿಸಿನ ಹೊರಗಿನ ವಿಲ್ನೆವ್‌ನಲ್ಲಿದ್ದ ಸಂಸ್ಥೆಯ ತೋಟದ ಮನೆಗೆ ಕರೆದೊಯ್ದರು. ಆ ಪಾಕ್ತನದ ಲಾಯಗಳಲ್ಲಿ ಗಂಟಲಮಾರಿಯ ಸೀರಮ್ಮಿಗಾಗಿ ಸಾಕಿದ ಕುದುರೆಗಳಿದ್ದವು. ಸೆಪ್ಟೆಂಬರ್ 28ರಂದು ಅವನು ಅಲ್ಲಿಯೇ ಪ್ರಾಣಬಿಟ್ಟನು.