ಬೆಂಕಿ ಆರಿದ ಮೇಲೆ

ಪಾಸಿಟಿವ್ ಆಗಿರೋದು ಅಂದ್ರೆ ಯಾವಾಗ್ಲೂ ನಗ್ತಾ ಇರೋದಾ? ವಿಲಿಯಂ ಕೇರಿಯವರ ಜೀವನ ನೋಡಿದರೆ ನನಗೆ ಹಾಗನ್ನಿಸಲ್ಲ. ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದ ಅವರು 1793ರಲ್ಲಿ ಸುವಾರ್ತೆಗಾಗಿ ಬಂಗಾಳಕ್ಕೆ ಬಂದರು. ಮರುವರ್ಷವೇ ಪುಟ್ಟ ಮಗ ಪೀಟರ್ ತೀರಿಕೊಂಡ. ಒಬ್ಬ ಬಂಗಾಳಿಗೆ ದೀಕ್ಷಾಸ್ನಾನ ಕೊಡಲು 7 ವರ್ಷ ಕಾದರು.

1812ರಲ್ಲಿ ಶ್ರೀರಾಂಪುರದ ಅವರ ಪ್ರೆಸ್ಸಿಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಬರೆದಿದ್ದ ಅನುವಾದ, ವ್ಯಾಕರಣ, ನಿಘಂಟಿನ ಹಾಳೆಗಳು ಬೂದಿಯಾದವು. ಕೇರಿ ಕಣ್ಣೀರಿಟ್ಟರು. ಆದರೆ ದೇವರ ಚಿತ್ತಕ್ಕೆ ತಲೆಬಾಗಿ, ಮತ್ತೆ ಬರೆಯಲು ಕೂತರು. 1817ರಲ್ಲಿ ಅದೇ ಊರಿನಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಹೌದು, ನಮ್ಮ ಕನ್ನಡ!

ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಆಗಿ ಬಂದವರೇ, ಕರ್ತನ ಮುಂದೆ ಅತ್ತುಬಿಡಿ, ತಪ್ಪಿಲ್ಲ. ನಾಳೆ ಬೆಳಗ್ಗೆ ಮಾತ್ರ ಮತ್ತೆ ಓದೋಕೆ ಕೂತ್ಕೊಳ್ಳಿ. ಆಮೆನ್.