ಅಖಾಡಕ್ಕೆ ಇಳಿದ ಹೆಣ್ಣುಮಗಳು: ಹಮೀದಾ ಬಾನು

ನಮ್ಮ ಭಾಗದಾಗ ಜಾತ್ರಿ ಅಂದ್ರ ಕುಸ್ತಿ, ಕುಸ್ತಿ ಅಂದ್ರ ಕೊಲ್ಲಾಪುರ. ಅಲ್ಲಿನ ಖಾಸಬಾಗ ಮೈದಾನ ಕಟ್ಟಿಸಿದವರು ಶಾಹೂ ಮಹಾರಾಜರು. 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಶೇ. 50 ಮೀಸಲಾತಿ ಕೊಟ್ಟ ಅದೇ ಮಹಾರಾಜರು. ಆದರೆ ಅವರು ಹೋಗಿ ಮೂವತ್ತು ವರ್ಷದ ಮ್ಯಾಲೆ ಅದೇ ಕೊಲ್ಲಾಪುರದಾಗ ಒಬ್ಬ ಹೆಣ್ಣುಮಗಳು ಗಂಡು ಪೈಲ್ವಾನನ್ನು ಸೋಲಿಸಿದಾಗ ಏನಾಯ್ತು ಗೊತ್ತೇನ್ರಿ? ಜನ ಕೂಗಾಡಿ ಕಲ್ಲು ತೂರಿದರು, ಪೊಲೀಸರು ಬರಬೇಕಾಯ್ತು. ಆ ಹೆಣ್ಣುಮಗಳೇ ಹಮೀದಾ ಬಾನು.

ಬಾನು ಅವರು ಕಳೆದ ಶತಮಾನದ ಆರಂಭದಲ್ಲಿ ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಪೈಲ್ವಾನರ ಮನೆತನದಲ್ಲಿ ಹುಟ್ಟಿದರು. ಆಗ ಹೆಣ್ಣುಮಕ್ಕಳು ಗರಡಿ ಮನಿ ಹೊಸ್ತಿಲು ಸಹ ತುಳಿಯುವಂತಿರಲಿಲ್ಲ. ಅವರು ಅಲಿಗಢಕ್ಕೆ ಹೋಗಿ ಸಲಾಂ ಪೈಲ್ವಾನ್ ಕೈಕೆಳಗೆ ತಾಲೀಮು ಮಾಡಿದರು. ಪತ್ರಿಕೆಗಳು ಅವರನ್ನು ಅಲಿಗಢದ ಅಮೆಜಾನ್ ಎಂದು ಕರೆದವು.

ಎತ್ತರ 5 ಅಡಿ 3 ಇಂಚು, ತೂಕ 108 ಕಿಲೋ. ದಿನಕ್ಕೆ ಐದೂವರೆ ಲೀಟರ್ ಹಾಲು, ಒಂದು ಕೋಳಿ, ಹೆಚ್ಚುಕಡಿಮೆ ಒಂದು ಕಿಲೋ ಕುರಿ ಮಾಂಸ, ಬೆಣ್ಣೆ, ಮೊಟ್ಟೆ, ಬಾದಾಮಿ, ಮ್ಯಾಲೆ ಎರಡು ತಾಟು ಬಿರಿಯಾನಿ ಉಣ್ಣುತ್ತಾರೆ ಅಂತ ಪತ್ರಿಕೆಗಳು ಬರೆದವು. ಒಂಬತ್ತು ತಾಸು ನಿದ್ದೆ, ಆರು ತಾಸು ತಾಲೀಮು. ನೀವು ನಗಬಹುದು. ನನಗೆ ಮಾತ್ರ ಎಲ್ಲರೂ ಉಂಡ ಮ್ಯಾಲೆ ಗಡಗಿ ತಳದಾಗ ಉಳಿದದ್ದು ಉಣ್ಣುವ ನಮ್ಮ ಅವ್ವ ನೆನಪಾದಳು. ಹೆಣ್ಣು ಹೊಟ್ಟಿ ತುಂಬ ಉಂಡರೆ ಅದೇ ಸುದ್ದಿ ನೋಡ್ರಿ.

1954ರಲ್ಲಿ ಬಾನು ಅವರು ದೇಶಕ್ಕೇ ಒಂದು ಸವಾಲು ಹಾಕಿದರು. ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆ ಆಗುತ್ತೇನೆ ಅಂದರು. ಪಟಿಯಾಲಾದ ಪೈಲ್ವಾನ ಸೋತ, ಕಲ್ಕತ್ತೆಯವನೂ ಸೋತ. ಬಡೋದೆಯಲ್ಲಿ ಒಬ್ಬ ಪೈಲ್ವಾನ ಹೆಂಗಸಿನ ಜೊತೆ ಕುಸ್ತಿ ಹಿಡಿಯಲ್ಲ ಅಂತ ಹಿಂದೆ ಸರಿದ. ಅಖಾಡಕ್ಕೆ ಇಳಿದ ಬಾಬಾ ಪೈಲ್ವಾನ್ 1 ನಿಮಿಷ 34 ಸೆಕೆಂಡಿನಲ್ಲಿ ಸೋತ. ಅದೇ ವರ್ಷ ಮುಂಬೈಯಲ್ಲಿ ರಷ್ಯಾದ ವೇರಾ ಚಿಸ್ಟಿಲಿನ್ ಅವರನ್ನೂ ಸೋಲಿಸಿದರು.

ಆದರೆ ಪುಣೆಯಲ್ಲಿ ರಾಮಚಂದ್ರ ಸಾಳುಂಕೆ ಜೊತೆ ನಡೆಯಬೇಕಿದ್ದ ಕುಸ್ತಿಯನ್ನು ಅಲ್ಲಿನ ತಾಲೀಮ್ ಸಂಘದವರು ತಕರಾರು ತೆಗೆದು ನಿಲ್ಲಿಸಿದರು. ಬಾನು ಅವರು ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರವರೆಗೂ ದೂರು ಒಯ್ದರು. ಹೆಣ್ಣು ಅಂತ ನಿಲ್ಲಿಸಿಲ್ಲ, ಕುಸ್ತಿ ಇಡಿಸುವವರು ಡಮ್ಮಿ ಪೈಲ್ವಾನರನ್ನು ನಿಲ್ಲಿಸುತ್ತಾರೆ ಅಂತ ದೂರು ಬಂದಿವೆ ಎಂದು ಉತ್ತರ ಬಂತು. ತಪ್ಪು ಇಡಿಸುವವರದಾದರೆ ಶಿಕ್ಷೆ ಆಡುವವರಿಗೆ ಯಾಕ್ರಿ?

ಮುಂದಿನದು ಇನ್ನೂ ಕಠಿಣ. ಬಾನು ಅವರು ಯುರೋಪಿಗೆ ಹೋಗಿ ಆಡುವ ಆಸೆ ಹೇಳಿದಾಗ ಸಲಾಂ ಪೈಲ್ವಾನ್ ಅದನ್ನು ತಡೆಯಲು ಹೊಡೆದು ಅವರ ಕೈ ಮುರಿದರು, ಕಾಲಿಗೂ ಪೆಟ್ಟಾಗಿ ಬಹಳ ವರ್ಷ ಕೋಲು ಹಿಡಿದು ನಡೆದರು ಎಂದು ಮನೆಯವರು ಹೇಳಿದ್ದಾರೆ. 300ಕ್ಕೂ ಹೆಚ್ಚು ಕುಸ್ತಿ ಗೆದ್ದವರು ಎಂದು ಹೆಸರಾಗಿದ್ದವರು ಅಖಾಡದಿಂದಲೇ ಕಾಣೆಯಾದರು. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಹಾಲು ಮಾರಿದರು, ಕಟ್ಟಿದ ಮನೆ ಬಾಡಿಗೆಗೆ ಕೊಟ್ಟರು. ರೊಕ್ಕ ಸಾಲದಾದಾಗ ರಸ್ತೆ ಪಕ್ಕ ಕೂತು ತಿಂಡಿ ಮಾರಿದರು. 1986ರಲ್ಲಿ ತೀರಿಕೊಂಡರು. 2024ರ ಮೇ 4ರಂದು ಗೂಗಲ್ ತನ್ನ ಪುಟದಲ್ಲಿ ಅವರ ಚಿತ್ರ ಹಾಕಿದಾಗ ನಮ್ಮಂಥ ಹುಡುಗ ಹುಡುಗಿಯರಿಗೆ ಹೆಸರು ಗೊತ್ತಾಯಿತು.

ಅಖಾಡದಾಗ ಅವರನ್ನು ಕೆಡವುವುದು ಕಷ್ಟವಿತ್ತು. ಅವರಿಗೆ ಪೆಟ್ಟು ಬಿದ್ದದ್ದು ಅಖಾಡದ ಹೊರಗೆ.

ಗೆಳೆಯರೇ, ಈಗ ನಮ್ಮ ಜಾತ್ರಿಗಳಲ್ಲೂ ಹುಡುಗಿಯರ ಕುಸ್ತಿ ಇಡುತ್ತಾರೆ, ನಾವೂ ಸಿಳ್ಳೆ ಹೊಡೆಯುತ್ತೇವೆ. ಅಷ್ಟಕ್ಕೇ ನಿಲ್ಲಬ್ಯಾಡ್ರಿ. ಗಂಡುಮಕ್ಕಳಿಗೆ ಇಟ್ಟಷ್ಟೇ ಇನಾಮು ಆಕೆಗೂ ಇಡ್ರಿ. ಮರುದಿನ ಆಕೆ ಮನಿಗೆ ಹೋಗಿ, ಹೊಟ್ಟಿ ತುಂಬ ಉಣ್ತಾಳೋ ಇಲ್ಲೋ, ಯಾರಾದರೂ ಕೈ ಮಾಡ್ತಾರೇನು ಅಂತ ಕೇಳ್ರಿ. ಬಾನು ಅವರಿಗೆ ಚಪ್ಪಾಳೆ ಹೊಡೆದವರು ಸಾವಿರಾರು ಮಂದಿ. ಅಷ್ಟು ಕೇಳುವವರು ಹತ್ತು ಮಂದಿ ಇದ್ದಿದ್ದರೆ ಅವರ ಕಥೆ ಬ್ಯಾರೆ ಇರುತ್ತಿತ್ತು.